ಪ್ರಾರ್ಥನೆಯ ಹೊತ್ತಿನ ಮೈನ್ ಸ್ವಿಚ್

ನಮ್ಮ ಮನೆಯಲ್ಲಿ ದೇವರಿಗೂ ಲೋಡ್ ಶೆಡ್ಡಿಂಗ್ ಉಂಟು ಎಂದು ಇಗರ್ಜಿಯ ನಮ್ಮ ವಾರ್ಡಿನವರೆಲ್ಲ ನಗುತ್ತಿದ್ದರು. ನಗದೆ ಏನು ಮಾಡಿಯಾರು? ಸಂಜೆ ಇಗರ್ಜಿಯ ಗಂಟೆ ಹೊಡೆದದ್ದೇ ತಡ, ಪಪ್ಪ ಎದ್ದು ಜಗಲಿಗೆ ಹೋಗಿ ಮೀಟರಿನ ಪಕ್ಕದ ಮೈನ್ ಸ್ವಿಚ್ಚನ್ನು ಕೆಳಗೆ ಎಳೆಯುತ್ತಿದ್ದರು. ಲೈಟು, ಫ್ಯಾನು, ಟಿ.ವಿ., ಫ್ರಿಜ್ಜು ಎಲ್ಲವೂ ಒಟ್ಟಿಗೆ ನಿಲ್ಲುತ್ತಿದ್ದವು. ದೇವರ ಪಟವಿಟ್ಟ ಅಲ್ತಾರಿನ ಮುಂದೆ ಮೇಣದ ಬತ್ತಿಯೊಂದೇ ಉರಿಯುತ್ತಿತ್ತು. ತೇರ್ಸ್, ಅಂದರೆ ನಮ್ಮ ಜಪಸರದ ಪ್ರಾರ್ಥನೆ, ಮುಗಿದು, ಮಕ್ಕಳು ಹಿರಿಯರಿಂದ ಆಶೀರ್ವಾದ ಕೇಳಿದ ಮೇಲೆಯೇ ಮತ್ತೆ ಕರೆಂಟು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಮೊಣಕಾಲೂರಿ, ಬೆನ್ನ ಮೇಲೆ ಬೆವರು ಇಳಿಯುವುದನ್ನೂ ಕಿವಿಯ ಬಳಿ ಸೊಳ್ಳೆ ಹಾಡುವುದನ್ನೂ ಸಹಿಸಿಕೊಂಡು ನಾನೂ ಅಣ್ಣನೂ ಎಷ್ಟು ಸಲ ಮನಸ್ಸಿನಲ್ಲೇ ಪಪ್ಪನನ್ನು ಬೈದಿದ್ದೇವೋ ಲೆಕ್ಕವಿಲ್ಲ. ಪ್ರಾರ್ಥನೆಯ ನಡುವೆ ಬೈಯುವುದು ಪಾಪ ಎಂದು ಗೊತ್ತಿತ್ತು. ಸೆಕೆ ಪಾಪಕ್ಕಿಂತ ದೊಡ್ಡದಿತ್ತು.

ಕರೆಂಟು ಉಳಿಸಲಿಕ್ಕೆ ಹೀಗೆ ಮಾಡುತ್ತಾರೆ ಎಂದೇ ಎಲ್ಲರೂ ತಿಳಿದಿದ್ದರು. ನಾವೂ ಹಾಗೇ ತಿಳಿದಿದ್ದೆವು. ಪಪ್ಪ ಕಂಜೂಸ್ ಎನ್ನುವುದಕ್ಕೆ ಬೇರೆ ಸಾಕ್ಷಿಗಳೂ ಇದ್ದವು. ಯಾರೂ ಇಲ್ಲದ ಕೋಣೆಯಲ್ಲಿ ಬಲ್ಬ್ ಉರಿಯುತ್ತಿದ್ದರೆ ಅವರಿಗೆ ಹಿತ್ತಲಿನಿಂದಲೇ ಗೊತ್ತಾಗುತ್ತಿತ್ತು. ಇಸ್ತ್ರಿ ಪೆಟ್ಟಿಗೆ ವಾರಕ್ಕೊಮ್ಮೆ, ಆದಿತ್ಯವಾರದ ಪೂಜೆಯ ಬಟ್ಟೆಗೆ ಮಾತ್ರ. ನಾನು ಟೀಚರ್ ಆದ ಮೇಲೆ ಒಮ್ಮೆ ಅವರಿಗೆ ಪಾಠ ಮಾಡಲು ಹೋದೆ. ಅರ್ಧ ಗಂಟೆ ಫ್ರಿಜ್ ನಿಲ್ಲಿಸಿದರೆ ಏನೂ ಉಳಿಯುವುದಿಲ್ಲ, ಆಮೇಲೆ ಅದು ಮತ್ತೆ ತಣ್ಣಗಾಗಲು ಅಷ್ಟೇ ಕರೆಂಟು ತಿನ್ನುತ್ತದೆ ಎಂದೆ. ಪಪ್ಪ ಕೇಳಿ, ಹೌದಾ ಎಂದು ತಲೆಯಾಡಿಸಿದರು. ಸಂಜೆ ಗಂಟೆ ಹೊಡೆದಾಗ ಎದ್ದು ಹೋಗಿ ಸ್ವಿಚ್ ಎಳೆದರು.

ನಮ್ಮ ಮನೆ ಸುರತ್ಕಲ್ ಮತ್ತು ಪಣಂಬೂರಿನ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಪಪ್ಪ ಪಣಂಬೂರಿನ ಬಂದರಿನಲ್ಲಿ ಒಬ್ಬ ಗುತ್ತಿಗೆದಾರರ ಕೈಕೆಳಗೆ ಸೂಪರ್‌ವೈಸರ್ ಆಗಿದ್ದರು. ಹೊರದೇಶದಿಂದ ಹಡಗಿನಲ್ಲಿ ಬರುವ ಕಲ್ಲಿದ್ದಲನ್ನು ಇಳಿಸಿ, ರಾಶಿ ಹಾಕಿ, ವ್ಯಾಗನಿಗೆ ತುಂಬಿಸುವ ಕಡೆ ಅವರ ಕೆಲಸ. ಬೆಳಿಗ್ಗೆ ಹೋದ ಮನುಷ್ಯ ಸಂಜೆ ಬಂದು ಬಾವಿಕಟ್ಟೆಯಲ್ಲಿ ನೀರು ಹೊಯ್ದುಕೊಂಡ ಮೇಲೆಯೇ ನಮ್ಮ ಪಪ್ಪ ಆಗುತ್ತಿದ್ದುದು. ಅವರ ಕರ್ಚೀಫನ್ನು ಮಮ್ಮಿ ಬೇರೆ ಬಟ್ಟೆಗಳ ಜೊತೆ ಹಾಕುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬಿಳಿ ಬೆಡ್‌ಶೀಟ್ ಎಂಬುದನ್ನು ಕೊಂಡದ್ದೇ ನನಗೆ ನೆನಪಿಲ್ಲ. ಬಿಳಿಯ ಬಟ್ಟೆ ಎಂದರೆ ಪಪ್ಪನ ಆದಿತ್ಯವಾರದ ಅಂಗಿ ಒಂದೇ.

ಆ ಕೆಲಸದ ಬಗ್ಗೆ ಪಪ್ಪನಿಗೆ ತಡೆಯಲಾಗದ ಹೆಮ್ಮೆ. ಮಳೆಗಾಲದಲ್ಲಿ ಉರಿಯುವುದು ನೀರಿನ ಕರೆಂಟು, ಬೇಸಗೆಯಲ್ಲಿ ಡ್ಯಾಮು ಒಣಗಿದ ಮೇಲೆ ಉರಿಯುವುದು ನಮ್ಮ ಕರೆಂಟು ಎನ್ನುತ್ತಿದ್ದರು. ನಮ್ಮ ಕರೆಂಟು ಅಂದರೆ ಕಲ್ಲಿದ್ದಲಿನದು. ವಯರಿನಲ್ಲಿ ಎಲ್ಲವೂ ಒಂದಾಗುತ್ತದೆ, ಗುರುತು ಹಿಡಿಯಲಿಕ್ಕಾಗುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಮಾರ್ಚ್ ತಿಂಗಳಲ್ಲಿ ಬಲ್ಬ್ ನೋಡಿ, ಇದು ನಮ್ಮದು, ಬಣ್ಣ ನೋಡಿದರೆ ಗೊತ್ತಾಗ್ತದೆ ಎನ್ನುವರು. ಬಿಲ್ಲಿನಲ್ಲಿ ಇಂಧನದ ಬೆಲೆ ಏರಿದ್ದಕ್ಕೆಂದು ಒಂದು ಸಾಲು ಸೇರಿಸಿದಾಗ ಊರೆಲ್ಲ ಬೈದರೆ, ಪಪ್ಪ ಆ ಸಾಲಿನ ಮೇಲೆ ಬೆರಳಿಟ್ಟು, ನೋಡು, ನಮ್ಮದೂ ಇದರಲ್ಲಿ ಉಂಟು ಎಂದು ಮಮ್ಮಿಗೆ ತೋರಿಸಿದ್ದರು. ತಾನೇ ಇಳಿಸಿದ ಕಲ್ಲಿದ್ದಲಿಗೆ ತಾನೇ ಹೆಚ್ಚಿಗೆ ಕೊಡುತ್ತಿದ್ದೇನೆ ಎಂಬುದು ಅವರಿಗೆ ಕಾಣಿಸಲೇ ಇಲ್ಲ. ನನಗೆ ಕಾಣಿಸಿತು, ಸಿಟ್ಟೂ ಬಂತು. ಆದರೆ ಅಷ್ಟು ಖುಷಿಯಲ್ಲಿರುವ ಮನುಷ್ಯನ ಹತ್ತಿರ ಜಗಳ ಮಾಡುವುದು ಹೇಗೆ?

ನಿವೃತ್ತರಾದ ಮೇಲೆ ಅವರ ಕೆಮ್ಮು ನಿವೃತ್ತವಾಗಲಿಲ್ಲ. ಮೊದಲು ಗುಡ್ಡೆ ಹತ್ತುವಾಗ ಏದುಸಿರು, ಆಮೇಲೆ ಇಗರ್ಜಿಯ ಮೆಟ್ಟಿಲಿಗೆ, ಕೊನೆಗೆ ಚಪ್ಪಲಿ ಹಾಕಲು ಬಗ್ಗಿದರೂ ಏದುಸಿರು. ಬೀಡಿ ಸೇದುತ್ತಿದ್ದಿರಾ ಎಂದು ಡಾಕ್ಟರು ಕೇಳಿದರು. ಜನ್ಮದಲ್ಲಿ ಮುಟ್ಟಿದವರಲ್ಲ. ಇದು ಎಷ್ಟು ಧೂಳಿನಿಂದ, ಎಷ್ಟು ಒಲೆಯ ಹೊಗೆಯಿಂದ, ಎಷ್ಟು ವಯಸ್ಸಿನಿಂದ ಎಂದು ಹೇಳುವುದು ಕಷ್ಟ, ಶ್ವಾಸಕೋಶ ಮಾತ್ರ ಸೋತಿದೆ ಎಂದರು ಅವರು. ಬಸ್ಸಿನಲ್ಲಿ ಬರುವಾಗ ನಾನು ಕಲ್ಲಿದ್ದಲನ್ನು ಬೈದೆ. ಪಪ್ಪ ಕಿಟಕಿಯ ಕಡೆ ನೋಡುತ್ತ, "ಅನ್ನ ಕೊಟ್ಟದ್ದನ್ನು ಬೈಬಾರ್ದು" ಎಂದರು. ಅಲ್ಲಿಗೆ ಆ ವಿಷಯ ಮುಗಿಯಿತು. ಮನೆಯಲ್ಲಿ ಮತ್ತೆ ಯಾರೂ ಅದನ್ನು ಎತ್ತಲಿಲ್ಲ.

ಹೀಗೆ ಮನೆಗೆ ಆಮ್ಲಜನಕದ ಮಷೀನ್ ಬಂತು. ಗಲ್ಫಿನಲ್ಲಿರುವ ಅಣ್ಣ ವ್ಯವಸ್ಥೆ ಮಾಡಿದ. ಸಣ್ಣ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ. ಗಾಳಿಯನ್ನು ಎಳೆದುಕೊಂಡು, ಅದರೊಳಗಿನ ಆಮ್ಲಜನಕವನ್ನು ಸೋಸಿ, ಉದ್ದದ ಪ್ಲಾಸ್ಟಿಕ್ ನಳಿಗೆಯಲ್ಲಿ ಪಪ್ಪನ ಮೂಗಿಗೆ ಕೊಡುತ್ತಿತ್ತು. ಊಟಕ್ಕೆ, ಸ್ನಾನಕ್ಕೆ ಸ್ವಲ್ಪ ಹೊತ್ತು ತೆಗೆಯಬಹುದು, ಉಳಿದಂತೆ ಹಗಲು ರಾತ್ರಿ ಬೇಕೇ ಬೇಕು ಎಂದಿದ್ದರು ಡಾಕ್ಟರು. ಕರೆಂಟು ಹೋದರೆ ಇರಲಿ ಎಂದು ಮೂಲೆಯಲ್ಲಿ ಒಂದು ಸಿಲಿಂಡರ್ ನಿಲ್ಲಿಸಿದೆವು; ತೆರೆದರೆ ಅದೂ ನೀರಿನ ಬಾಟಲಿಯಲ್ಲಿ ಗುಳುಗುಳು ಎನ್ನುತ್ತಿತ್ತು. ಮಷೀನು ಒಂದೇ ಸಮನೆ ಗುಂಯ್ ಎನ್ನುತ್ತಿತ್ತು, ನಡುನಡುವೆ ಪುಸ್ ಎಂದು ಉಸಿರು ಬಿಡುತ್ತಿತ್ತು. ಒಟ್ಟಿನಲ್ಲಿ, ಬಂದರಿನಲ್ಲಿ ಕಲ್ಲಿದ್ದಲು ಇಳಿಸಿದ ಮನುಷ್ಯ ಈಗ ಕರೆಂಟಿನ ಉಸಿರಿನಲ್ಲಿ ಬದುಕಬೇಕಾಯಿತು.

ಅದಕ್ಕೆ ಸ್ವಲ್ಪ ಮೊದಲು ಸರಕಾರ ಮನೆಗಳಿಗೆ ಕರೆಂಟು ಉಚಿತ ಮಾಡಿತ್ತು. ಆದರೆ ಅದಕ್ಕೊಂದು ಮಿತಿ. ಯಾರ ಮನೆಯಲ್ಲಿ ಹಿಂದೆ ಸರಾಸರಿ ಎಷ್ಟು ಉರಿಯುತ್ತಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ಅಷ್ಟು ಮಾತ್ರ ಪುಕ್ಕಟೆ. ಬೇಕಾಬಿಟ್ಟಿ ಉರಿಸಿದವರಿಗೆ ಹೆಚ್ಚು ಸಿಕ್ಕಿತು. ಜೀವಮಾನವಿಡೀ ಬಲ್ಬ್ ಆರಿಸುತ್ತ ತಿರುಗಿದ ಪಪ್ಪನಿಗೆ ಸಿಕ್ಕಿದ್ದು ಬೆರಳೆಣಿಕೆಯ ಯೂನಿಟ್ಟು. ಅಷ್ಟರಲ್ಲೂ ನಮ್ಮದು ಸಾಗುತ್ತಿತ್ತು. ಬಿಲ್ಲಿನಲ್ಲಿ ಸೊನ್ನೆ ಬಂದ ತಿಂಗಳು ಪಪ್ಪ ಅದನ್ನು ಅಲ್ತಾರಿನ ಬಳಿ ಇಟ್ಟು ಎರಡು ದಿನ ಹೋದವರಿಗೆ ಬಂದವರಿಗೆ ತೋರಿಸಿದ್ದರು. ಮಷೀನ್ ಬಂದ ಮೇಲೆ ಆ ಸೊನ್ನೆ ಹೋಯಿತು. ಉಚಿತದ ಗೆರೆಯನ್ನೆಲ್ಲ ದಾಟಿ ಪೂರ್ತಿ ಬಿಲ್ಲು ಬರತೊಡಗಿತು.

ನಾನು ಒಂದು ದಿನ ಶಾಲೆಗೆ ರಜೆ ಹಾಕಿ ಕರೆಂಟಾಫೀಸಿಗೆ ಹೋದೆ. ಕಾಯಿಲೆಯವರ ಮಷೀನಿಗೆ ಏನಾದರೂ ರಿಯಾಯಿತಿ ಇದೆಯೇ ಎಂದು ಕೇಳಿದೆ. ಅಲ್ಲಿದ್ದವರು ಒಳ್ಳೆಯವರು, ಕೂರಿಸಿ ಮಾತಾಡಿದರು. ಅವರ ಕೈಯಲ್ಲಿ ಏನೂ ಇರಲಿಲ್ಲ. "ನಮಗೆ ಯೂನಿಟ್ ಮಾತ್ರ ಕಾಣ್ತದೆ ಮೇಡಂ, ಒಳಗೆ ಎಂತ ಓಡ್ತದೆ ಅಂತ ಕಾಣುದಿಲ್ಲ" ಎಂದರು. ಬಲ್ಮಠದ ಶಾಲೆಯಲ್ಲಿ ಮಕ್ಕಳಿಗೆ ಯೂನಿಟ್ ಎಂದರೇನು ಎಂದು ಬೋರ್ಡಿನ ಮೇಲೆ ಬರೆದು ಕಲಿಸುವವಳು ನಾನು. ಬಸ್ ಸ್ಟಾಂಡಿನಲ್ಲಿ ನಿಂತು ಯಾರಿಗೂ ಕಾಣದ ಹಾಗೆ ಅತ್ತೆ.

ಬಿಲ್ಲಿನ ಚಿಂತೆ ನಿಮಗೆ ಬೇಡ, ನಾನು ಕಟ್ಟುತ್ತೇನೆ ಎಂದು ಅಣ್ಣ ಫೋನಿನಲ್ಲಿ ಹೇಳುತ್ತಲೇ ಇದ್ದ. ಪಪ್ಪ ಹೂಂ ಎನ್ನುತ್ತಿದ್ದರು. ಆದರೆ ಮಧ್ಯಾಹ್ನ ನಾನಿಲ್ಲದಾಗ, ಈಗ ಸಾಕು, ನನಗೆ ಆರಾಮ ಉಂಟು, ಸ್ವಲ್ಪ ಹೊತ್ತು ಬಂದ್ ಮಾಡು ಎಂದು ಮಮ್ಮಿಯನ್ನು ಕಾಡುತ್ತಿದ್ದರಂತೆ. ಮಮ್ಮಿ ಒಪ್ಪುತ್ತಿರಲಿಲ್ಲ. ಕಂಜೂಸುತನಕ್ಕೂ ಒಂದು ಮಿತಿ ಬೇಡವೇ, ಉಸಿರಿನಲ್ಲೂ ಉಳಿಸುವುದೇ ಎಂದು ನಾನು ಒಮ್ಮೆ ಸಂಜೆ ಎದುರೇ ಕೇಳಿದೆ. ಪಪ್ಪ ನಳಿಗೆಯನ್ನು ಮೂಗಿನ ಮೇಲೆ ಸರಿ ಮಾಡಿಕೊಂಡರು.

ಮಷೀನ್ ಬಂದಂದಿನಿಂದ ಮೈನ್ ಸ್ವಿಚ್ ಎಳೆಯುವ ಮಾತೇ ಇರಲಿಲ್ಲ. ಇಗರ್ಜಿಯ ಗಂಟೆ ಹೊಡೆದರೆ ಪಪ್ಪ ಮಂಚದ ಮೇಲಿನಿಂದ ಜಗಲಿಯ ಕಡೆ ಒಮ್ಮೆ ನೋಡುವರು, ಅಷ್ಟೆ. ಪ್ರಾರ್ಥನೆಗೂ ಒಂದು ತೊಂದರೆ ಆಯಿತು. ತೇರ್ಸಿನ ಪ್ರತಿಯೊಂದು ಮಂತ್ರಕ್ಕೂ ಎರಡು ಭಾಗ. ಮೊದಲ ಅರ್ಧವನ್ನು ಒಬ್ಬರು ಹೇಳಬೇಕು, ಉಳಿದ ಅರ್ಧವನ್ನು ಬಾಕಿಯವರು ಉತ್ತರವಾಗಿ ಹೇಳಬೇಕು. ನಮ್ಮ ಮನೆಯಲ್ಲಿ ಮದುವೆಯಾದಂದಿನಿಂದ ಮಮ್ಮಿಯದು ಮೊದಲ ಅರ್ಧ, ಪಪ್ಪನದು ಉತ್ತರ. ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ನಾನು ತಡವಾಗಿ ಬರುವ ದಿನಗಳಲ್ಲಿ ಅವರಿಬ್ಬರೇ. ಈಗ ಮಷೀನಿನ ಗದ್ದಲದಲ್ಲಿ ಪಪ್ಪನ ಸೋತ ದನಿ ಮಮ್ಮಿಗೆ ಕೇಳುತ್ತಿರಲಿಲ್ಲ. ಮುಗಿಯಿತೆಂದು ತಿಳಿದು ಮಮ್ಮಿ ಮುಂದಿನದನ್ನು ಶುರು ಮಾಡುವಳು. ಪಪ್ಪ ಇನ್ನೂ ಹಿಂದಿನದರಲ್ಲೇ ಇರುವರು. ಮಾತಿನ ಮೇಲೆ ಮಾತು ಬಿದ್ದು, ಇಬ್ಬರೂ ನಿಂತು, ಮತ್ತೆ ಶುರು ಮಾಡುವರು. ಕೊನೆಕೊನೆಗೆ ಪಪ್ಪ ಬರೀ ತುಟಿ ಅಲ್ಲಾಡಿಸತೊಡಗಿದರು. ಮಮ್ಮಿ ಅವರ ತುಟಿ ನೋಡಿಕೊಂಡು ಅಂದಾಜಿನಲ್ಲಿ ಮುಂದೆ ಹೋಗುತ್ತಿದ್ದಳು.

ಒಂದು ಸಂಜೆ ಕಾಯಿಲೆಯವರಿಗಾಗಿ ಪ್ರಾರ್ಥಿಸಲು ವಾರ್ಡಿನವರು ನಮ್ಮ ಮನೆಗೆ ಬರುವವರಿದ್ದರು. ಮೇ ತಿಂಗಳು. ಮಳೆ ಬರುವ ಮೊದಲಿನ ಅಂಟಂಟು ಸೆಕೆ. ಹಾಲಿನಲ್ಲಿ ಪಪ್ಪನ ಮಂಚ, ಸುತ್ತ ಹೆಂಗಸರು ಗಂಡಸರು, ಬಾಗಿಲಲ್ಲಿ ಚಪ್ಪಲಿಯ ರಾಶಿ. ಪಕ್ಕದ ಮನೆಯ ಬ್ಯಾರಿ ಕಾಕನೂ ಬಂದಿದ್ದರು. ಬಸ್ ಸ್ಟಾಪಿನ ಬಳಿ ಅವರದೊಂದು ದಿನಸಿ ಅಂಗಡಿ. ಪಪ್ಪನೂ ಅವರೂ ಪ್ರಾಯದಿಂದಲೇ ದೋಸ್ತಿಗಳು. ತುಳುವಿನಲ್ಲಿ ಕ್ರೈಸ್ತರಿಗೆ ಪೊರ್ಬು, ಮುಸ್ಲಿಮರಿಗೆ ಬ್ಯಾರಿ; ಒಬ್ಬರನ್ನೊಬ್ಬರು ಪೊರ್ಬುಗಳೇ, ಬ್ಯಾರಿಗಳೇ ಎಂದು ತಮಾಷೆಗೆ ಮರ್ಯಾದೆ ಕೊಟ್ಟುಕೊಂಡೇ ಮುದುಕರಾದವರು. ಪಪ್ಪ ಹಾಸಿಗೆ ಹಿಡಿದ ಮೇಲೆ ಕಾಕ ದಿನಾ ಸಂಜೆ ಬಂದು ಸ್ವಲ್ಪ ಹೊತ್ತು ಕೂತು, ಗಂಟೆ ಹೊಡೆಯುವ ಮೊದಲೇ ಹೋಗುತ್ತಿದ್ದರು. ಆ ದಿನ ಒಳಗೆ ಪ್ರಾರ್ಥನೆಯವರು ತುಂಬಿದ್ದನ್ನು ಕಂಡು, ಇಲ್ಲೇ ಇರುತ್ತೇನೆ ಎಂದು ಜಗಲಿಯ ಬೆಂಚಿನಲ್ಲಿ, ಮೀಟರಿನ ಕೆಳಗೇ ಕೂತರು.

ಇಗರ್ಜಿಯ ಗಂಟೆ ಹೊಡೆಯಿತು. ಮೇಣದ ಬತ್ತಿ ಹಚ್ಚಿ ಎಲ್ಲರೂ ಶಿಲುಬೆಯ ಗುರುತು ಮಾಡಿದೆವು. ಅಷ್ಟರಲ್ಲಿ ಲೈಟು ಹೋಯಿತು, ಫ್ಯಾನು ನಿಂತಿತು, ಮಷೀನು ನಿಂತು ಕೀಂ ಕೀಂ ಎಂದು ಕೂಗಲು ಶುರು ಮಾಡಿತು. ಕರೆಂಟ್ ಹೋಯ್ತು ಎಂದು ಯಾರೋ ಮೊಬೈಲಿನ ಟಾರ್ಚ್ ಹಿಡಿದರು. ನಾನು ಸಿಲಿಂಡರಿನ ಕಡೆ ಓಡಿದೆ. ಓಡುವಾಗ ಕಿಟಕಿಯಲ್ಲಿ ಕಾಕನ ಮನೆಯ ಲೈಟು ಉರಿಯುತ್ತಿರುವುದು ಕಂಡಿತು. ಹಾಗಾದರೆ ಹೋದದ್ದು ನಮ್ಮ ಮನೆಯದು ಮಾತ್ರ. ಸಿಲಿಂಡರ್ ಬಿಟ್ಟು ಜಗಲಿಗೆ ಬಂದೆ.

ಕಾಕ ಮೈನ್ ಸ್ವಿಚ್ಚಿನ ಬಳಿ ಟೊಪ್ಪಿ ಸರಿ ಮಾಡಿಕೊಂಡು ನಿಂತಿದ್ದರು. ಅವರ ಮುಖದಲ್ಲಿ ಒಂದು ಸಮಾಧಾನ ಇತ್ತು.

"ಗಂಟೆ ಆಯ್ತಲ್ಲ ಮಗಳೇ. ಪೊರ್ಬುಗಳಿಗೆ ಏಳ್ಲಿಕ್ಕೆ ಆಗುದಿಲ್ಲ. ಯಾರೂ ಬರ್ಲಿಲ್ಲ. ಅದಕ್ಕೆ ನಾನೇ ತೆಗೆದೆ."

ಪಪ್ಪ ಈ ಸ್ವಿಚ್ ಎಳೆಯುವುದನ್ನು ಬೇಲಿಯ ಆಚೆಯಿಂದ ಅವರು ದಿನಾ ಕಂಡವರು. ಅದು ನಮ್ಮ ಪ್ರಾರ್ಥನೆಯದೇ ಒಂದು ಭಾಗ, ಅದಿಲ್ಲದೆ ಪ್ರಾರ್ಥನೆ ಸಲ್ಲುವುದಿಲ್ಲ ಎಂದೇ ಅವರು ತಿಳಿದಿದ್ದರು. ದೋಸ್ತಿಗೆ ಆಗದ ಕೆಲಸವನ್ನು ತಾನು ಮಾಡಿಕೊಟ್ಟೆ ಎಂದು ನಿಂತಿದ್ದಾರೆ. ಒಳಗಿನ ಮಷೀನೂ ಇದೇ ವಯರಿನಲ್ಲಿ ಉಸಿರಾಡುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ನಾನು ಸ್ವಿಚ್ ಮೇಲೆತ್ತಲು ಕೈ ಚಾಚಿದಾಗ ಒಳಗಿಂದ ಮಮ್ಮಿ "ತಡಿ" ಎಂದಳು.

ತಿರುಗಿ ನೋಡಿದರೆ ಪಪ್ಪ ಮಮ್ಮಿಯ ಮಣಿಗಂಟನ್ನು ಹಿಡಿದಿದ್ದರು. ಇನ್ನೊಂದು ಕೈಯಿಂದ ಕೂಗುತ್ತಿದ್ದ ಮಷೀನನ್ನು ತೋರಿಸಿದರು. ಮಮ್ಮಿ ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ಬಗ್ಗಿ ಮಷೀನಿನ ಗುಂಡಿ ಒತ್ತಿದಳು. ಕೀಂ ಕೀಂ ನಿಂತಿತು.

ಆ ಮೌನ ಹೇಗಿತ್ತೆಂದರೆ, ಹಿತ್ತಲಿನ ತೆಂಗಿನ ಗರಿ ಅಲ್ಲಾಡುವುದು ಕೇಳಿತು. ಬಾವಿಯ ಹತ್ತಿರ ನಲ್ಲಿ ತೊಟ್ಟಿಕ್ಕುವುದು ಕೇಳಿತು. ಅಷ್ಟು ಜನ ಇದ್ದರೂ ಯಾರೂ ಕೆಮ್ಮಲಿಲ್ಲ. ಪಪ್ಪ ಸಿಲಿಂಡರಿನ ಗುಳುಗುಳುವೂ ಬೇಡ ಎಂದು ಕೈಯಾಡಿಸಿ, ಮೆಲ್ಲಗೆ, "ಹತ್ತು ಮಣಿ ಹೀಗೇ ಹೇಳುವ" ಎಂದರು. ಮಮ್ಮಿ ನನ್ನ ಕಡೆ ನೋಡಿದಳು. ಮಷೀನ್ ಇಲ್ಲದೆ ಒಂದು ಊಟಕ್ಕೆ ತಗಲುವಷ್ಟು ಹೊತ್ತು ನಡೆಯುತ್ತದೆ ಎಂದು ನನಗೂ ಗೊತ್ತಿತ್ತು, ಆದರೆ ಆ ದಿನಗಳಲ್ಲಿ ಅವರ ಊಟ ಎರಡು ತುತ್ತಿಗೆ ಇಳಿದಿತ್ತು. ನಾನು ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ಬಾಗಿಲಲ್ಲಿ ನಿಂತು ತಲೆಯಾಡಿಸಿದೆ.

ಮಮ್ಮಿ ಮೊದಲ ಅರ್ಧ ಹೇಳಿದಳು. ಪಪ್ಪನ ಉತ್ತರ ಬಂತು. ತೆಳ್ಳಗೆ, ನಡುವೆ ನಿಂತು ನಿಂತು, ಆದರೆ ಪೂರ್ತಿ ಬಂತು. ವಾರ್ಡಿನವರು ಉತ್ತರ ಹೇಳುವುದನ್ನು ತಾವಾಗಿಯೇ ಬಿಟ್ಟರು. ಮಣಿಯಿಂದ ಮಣಿಗೆ ಅವರಿಬ್ಬರದೇ ದನಿ. ಜೀವಮಾನದಲ್ಲಿ ಎಂದೂ ಪ್ರಾರ್ಥನೆಯನ್ನು ಓಡಿಸದ ಮಮ್ಮಿ ಅಂದು ಓಡಿಸಿದಳು. ಅವಳ ಭಾಗ ಒಂದೇ ಉಸಿರಿನಲ್ಲಿ ಮುಗಿಯುತ್ತಿತ್ತು. ಪಪ್ಪ ಮಾತ್ರ ಅವಸರ ಮಾಡಲಿಲ್ಲ. ಅವರ ತುಟಿಯ ಬಣ್ಣ ಬದಲಾಗುವುದು ಮೇಣದ ಬತ್ತಿಯ ಬೆಳಕಿನಲ್ಲಿ ನನಗೆ ಕಾಣಿಸುತ್ತಿತ್ತು. ನನ್ನ ಪಕ್ಕದಲ್ಲಿ ನಿಂತ ಕಾಕನಿಗೂ ಕಾಣಿಸಿತು. ತಾನು ಏನು ಮಾಡಿದೆ ಎಂದು ಅವರಿಗೆ ಆಗ ಅರ್ಥವಾಯಿತು. ಅವರು ಗೋಡೆ ಹಿಡಿದು ಬೆಂಚಿನ ಮೇಲೆ ಕೂತುಬಿಟ್ಟರು.

ಕೊನೆಯ ಮಣಿಯ ಉತ್ತರ ಮುಗಿದದ್ದೇ ನಾನು ಸ್ವಿಚ್ ಎತ್ತಿದೆ. ಮಷೀನು ಗುಂಯ್ ಎಂದು ಎದ್ದಿತು. ಉಳಿದ ಪ್ರಾರ್ಥನೆಯನ್ನು ವಾರ್ಡಿನವರು ಆ ಗದ್ದಲದಲ್ಲೇ ಗಟ್ಟಿಯಾಗಿ ಮುಗಿಸಿದರು. ಪಪ್ಪ ಕಣ್ಣು ಮುಚ್ಚಿ ಮಲಗಿದ್ದರು.

ಆಮೇಲೆ ಕಾಕ ಬರುವುದನ್ನೇ ನಿಲ್ಲಿಸಿದರು. ಅಂಗಡಿಯಲ್ಲಿ ನಾನು ಕಂಡರೆ ಮುಖ ತಪ್ಪಿಸಿ ಒಳಗೆ ಹೋಗುವರು. ಕೊನೆಗೆ ಪಪ್ಪನೇ ಹೇಳಿ ಕಳಿಸಿದರು. ಬಂದವರು ಮಂಚದ ಬಳಿ ಕೂತು ತಲೆ ಎತ್ತಲಿಲ್ಲ. ಪಪ್ಪ ಅವರ ಕೈ ಹಿಡಿದುಕೊಂಡು ನಿಲ್ಲಿಸಿ ನಿಲ್ಲಿಸಿ ಹೇಳಿದರು:

"ನೀವು ಮಾಡಿದ್ದು ಸರಿ ಉಂಟು ಬ್ಯಾರಿಗಳೇ. ಕೆಲಸದಲ್ಲಿ ಇಡೀ ದಿನ ಗದ್ದಲ ಇತ್ತಲ್ಲ, ಕ್ರೇನ್, ಬೆಲ್ಟ್, ಸೈರನ್. ಮನೆಗೆ ಬಂದು ಅರ್ಧ ಗಂಟೆ ಎಂತದೂ ಓಡ್ಬಾರ್ದು, ಇವಳ ದನಿ, ಮಕ್ಕಳ ದನಿ ಮಾತ್ರ ಕೇಳ್ಬೇಕು ಅಂತ ಮೈನ್ ತೆಗೀತಿದ್ದೆ. ಈಗ ಆ ಬಂದರೇ ಮನೆಯೊಳಗೆ ಬಂದು ಕೂತಿದೆ. ಆ ದಿನ ಒಮ್ಮೆ ನನ್ನ ಮನೆ ನನಗೆ ಕೇಳಿತು."

ಕಂಜೂಸ್ ಎಂದು ಊರೆಲ್ಲ ನಕ್ಕಾಗ ಒಮ್ಮೆಯೂ ಇದನ್ನು ಹೇಳಿರಲಿಲ್ಲ ಆ ಮನುಷ್ಯ. ಫ್ರಿಜ್ಜಿನ ಲೆಕ್ಕ ಹೇಳಿಕೊಟ್ಟಾಗಲೂ ಹೇಳಿರಲಿಲ್ಲ. ಮಧ್ಯಾಹ್ನ ಮಷೀನ್ ನಿಲ್ಲಿಸು ಎಂದು ಮಮ್ಮಿಯನ್ನು ಕಾಡುತ್ತಿದ್ದುದೂ ಬಿಲ್ಲಿಗಾಗಿ ಅಲ್ಲವೇನೋ. ಅಡಿಗೆಮನೆಯ ಬಾಗಿಲಲ್ಲಿ ಚಹಾದ ಗ್ಲಾಸು ಹಿಡಿದು ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ. ಕಾಕ ಚಹಾ ಕುಡಿಯದೇ ಹೋದರು, ಆದರೆ ಮರುದಿನ ಸಂಜೆ ಬಂದರು. ಅದರ ಮರುದಿನವೂ ಬಂದರು.

ಮಳೆ ಹಿಡಿಯುವ ಮೊದಲೇ ಪಪ್ಪ ಹೋದರು. ಬೆಳಗಿನ ಹೊತ್ತು, ಮನೆಯಲ್ಲೇ. ಕರೆಂಟು ಇತ್ತು, ಮಷೀನು ಸರಿಯಾಗಿಯೇ ಓಡುತ್ತಿತ್ತು. ಅದು ಕೊಡುವುದನ್ನು ತೆಗೆದುಕೊಳ್ಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಆದಿತ್ಯವಾರದ ಬಿಳಿ ಅಂಗಿಯನ್ನು ನಾನೇ ಇಸ್ತ್ರಿ ಹಾಕಿ ಕೊಟ್ಟೆ. ಶವಪೆಟ್ಟಿಗೆ ಎತ್ತುವಾಗ ಕಾಕ ಜಗಲಿಯಲ್ಲಿ ಮೀಟರಿಗೆ ಬೆನ್ನು ಹಾಕಿ ನಿಂತಿದ್ದರು. ವಾರ ಕಳೆದ ಮೇಲೆ ಮಷೀನನ್ನು ಇಗರ್ಜಿಯ ಮೂಲಕ ಬೇರೆ ಯಾವುದೋ ಮನೆಗೆ ಕಳಿಸಿಕೊಟ್ಟೆವು. ಹಾಲಿನ ಮೂಲೆಯಲ್ಲಿ ಅದು ಇದ್ದ ಕಡೆ ನೆಲದಲ್ಲಿ ಚೌಕದ ಗುರುತು ಉಳಿಯಿತು.

ಜುಲೈ ಕೊನೆಯ ಆಟಿ ತಿಂಗಳ ಮಳೆ ಸುರಿಯುತ್ತಿದ್ದಾಗ ಬಿಲ್ಲಿನವನು ಬಂದು ಚೀಟಿ ಹರಿದು ಕೊಟ್ಟ. ಕಟ್ಟಬೇಕಾದದ್ದು ಸೊನ್ನೆ. ಪಪ್ಪ ಇಲ್ಲದ ಮನೆ ಮತ್ತೆ ಉಚಿತದ ಗೆರೆಯ ಒಳಗೆ ಬಂದಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಅದೇ ವಾರ ಒಂದು ಸಂಜೆ ನಾನು ಬಸ್ಸಿಳಿದು ಬರುವಾಗ ಇಗರ್ಜಿಯ ಗಂಟೆ ಹೊಡೆದಾಗಿತ್ತು. ಗೇಟಿನಲ್ಲೇ ಗುಂಯ್ ಎಂಬ ಶಬ್ದ ಕೇಳಿ ಓಡಿದೆ. ಒಳಗೆ ಬಂದು ನೋಡಿದರೆ, ಅಟ್ಟದಲ್ಲಿದ್ದ ಹಳೆಯ ಟೇಬಲ್ ಫ್ಯಾನನ್ನು ಮಮ್ಮಿ ಕೆಳಗಿಳಿಸಿ, ಮಷೀನಿನ ಚೌಕದ ಗುರುತಿನ ಮೇಲೆ ಇಟ್ಟಿದ್ದಳು. ಹೊರಗೆ ಚಳಿ ಮಳೆ. ಗಾಳಿ ತಾಗದ ಹಾಗೆ ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ್ದಳು. ಮಮ್ಮಿ ಶಾಲು ಹೊದ್ದು ಅಲ್ತಾರಿನ ಮುಂದೆ ಕೂತು ತನ್ನ ಅರ್ಧ ಹೇಳುವಳು, ಸ್ವಲ್ಪ ಹೊತ್ತು ಸುಮ್ಮನಿರುವಳು, ಮತ್ತೆ ಮುಂದಿನದು ಹೇಳುವಳು.

ನಾನು ಜಗಲಿಗೆ ಹೋಗಿ ಮೈನ್ ತೆಗೆಯಲೇ ಎಂದು ಕೇಳಿದೆ. ಪಪ್ಪನಿಗೆ ಇಷ್ಟವಾದ ಮೌನ ಇನ್ನಾದರೂ ಮನೆಯಲ್ಲಿ ಇರಲಿ ಎಂದು ನನ್ನ ಲೆಕ್ಕ.

"ಬೇಡ" ಎಂದಳು ಮಮ್ಮಿ. "ಶಬ್ದ ಇಲ್ಲದಿದ್ರೆ ಯಾರೂ ಉತ್ತರ ಹೇಳುದಿಲ್ಲ ಅಂತ ಗೊತ್ತಾಗ್ತದೆ. ಶಬ್ದ ಇದ್ರೆ, ಅವರು ಹೇಳ್ತಾ ಇದ್ದಾರೆ, ನನಗೆ ಕೇಳ್ತಾ ಇಲ್ಲ ಅಂತ ಆಗ್ತದೆ." ಶಾಲನ್ನು ಹೆಗಲಿಗೆ ಎಳೆದುಕೊಂಡು, "ಓಡ್ಲಿ. ಹೇಗೂ ಈಗ ಬಿಲ್ ಬರುದಿಲ್ಲ ಅಲ್ವಾ" ಎಂದಳು.

ಒದ್ದೆ ಕೊಡೆಯನ್ನು ಮೂಲೆಗಿಟ್ಟು ನಾನು ಅವಳ ಹಿಂದೆ ಕೂತೆ. ಮಮ್ಮಿ ಮೊದಲ ಅರ್ಧ ಹೇಳಿದಳು. ನಾನು ಉತ್ತರವನ್ನು ಮೆಲ್ಲಗೆ ಹೇಳಿದೆ, ಫ್ಯಾನಿನ ಶಬ್ದಕ್ಕಿಂತ ಮೇಲೆ ಹೋಗದ ಹಾಗೆ.